ಗುಡುಗು ಮಳೆಯ ಬೆನ್ನು ಹತ್ತಿ: ದಕ್ಷಿಣ ಬೆಂಗಳೂರಿನ ವರ್ತಕರಿಗೊಂದು ನಷ್ಟದ ಲೆಕ್ಕ

ಬೆಂಗಳೂರಿನ ಹವಾಮಾನ ದಾಖಲೆಗಳಲ್ಲಿ 2024ರ ಜೂನ್ 2ರ ಭಾನುವಾರಕ್ಕೆ ಒಂದು ಪ್ರತ್ಯೇಕ ಸಾಲು ಮೀಸಲಾಗಿದೆ. ಅಂದು ನಗರದಲ್ಲಿ ದಾಖಲಾದ ಮಳೆ 111.1 ಮಿ.ಮೀ. ಜೂನ್ ತಿಂಗಳ ಒಂದೇ ದಿನದಲ್ಲಿ ಇಷ್ಟು ಮಳೆ ಅದಕ್ಕೆ ಹಿಂದೆ ಎಂದೂ ಸುರಿದಿರಲಿಲ್ಲ. 1891ರ ಜೂನ್ 16ರಂದು ಬಿದ್ದಿದ್ದ 101.6 ಮಿ.ಮೀ. ಮಳೆಯೇ 133 ವರ್ಷಗಳ ಕಾಲ ಅಗ್ರಸ್ಥಾನದಲ್ಲಿತ್ತು. ಜೂನ್ ತಿಂಗಳಿಡೀ ಬೀಳಬೇಕಾದ ವಾಡಿಕೆ ಮಳೆ ಸುಮಾರು 110 ಮಿ.ಮೀ.; ಆ ತಿಂಗಳ ಪಾಲೆಲ್ಲವೂ ಒಂದು ಸಂಜೆ ಮತ್ತು ರಾತ್ರಿಯ ಅವಧಿಯಲ್ಲಿ ನಗರದ ಮೇಲೆ ಸುರಿದುಹೋಯಿತು. ಮಳೆಯೊಂದಿಗೆ ಬಂದ ಬಿರುಗಾಳಿಗೆ ನಗರದಾದ್ಯಂತ ಇನ್ನೂರಕ್ಕೂ ಹೆಚ್ಚು ಮರಗಳು ಧರೆಗುರುಳಿದವು. ಟ್ರಿನಿಟಿ ಮತ್ತು ಎಂ.ಜಿ. ರಸ್ತೆ ನಿಲ್ದಾಣಗಳ ನಡುವೆ ಮೆಟ್ರೊ ಹಳಿಯ ಮೇಲೆ ಕೊಂಬೆ ಬಿದ್ದು ನೇರಳೆ ಮಾರ್ಗದ ಸಂಚಾರ ಕೆಟ್ಟಿತು. ದಕ್ಷಿಣ ಭಾಗದಲ್ಲಿ ಹೆಚ್ಚಿನ ಪೆಟ್ಟು ತಿಂದದ್ದು ಮರಗಳಿಗೇ ಹೆಸರಾದ ಜಯನಗರ.

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬುದು ರೈತರ ಮಾತು. ಆ ಭಾನುವಾರ ನಡೆಯುತ್ತಿದ್ದುದೂ ರೋಹಿಣಿ ಮಳೆಯೇ. ಆದರೆ ಸೋಮವಾರ ಬೆಳಿಗ್ಗೆ ಜಯನಗರದ ಓಣಿಗಳಲ್ಲಿ ಕಂಡದ್ದು ಬುಡಮೇಲಾದ ಮರಗಳು, ಅವುಗಳಡಿಯಲ್ಲಿ ಜಜ್ಜಿಹೋದ ವಾಹನಗಳು, ಜೋತುಬಿದ್ದ ವಿದ್ಯುತ್ ತಂತಿಗಳು. ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ ಭಾನುವಾರದ ಸಂಜೆಯೆಂದರೆ ವಾರದ ಸುಗ್ಗಿ. ಆ ಸುಗ್ಗಿ ನೀರುಪಾಲಾದುದನ್ನು ಯಾವ ಇಲಾಖೆಯೂ ನಷ್ಟದ ಪಟ್ಟಿಯಲ್ಲಿ ಬರೆದುಕೊಳ್ಳುವುದಿಲ್ಲ.

ಇದೇ ನಗರ ಅದಕ್ಕೆ ಮೂರು ತಿಂಗಳ ಮುಂಚೆ ನೀರಿಗಾಗಿ ಪರದಾಡುತ್ತಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. 2024ರ ಏಪ್ರಿಲ್‌ನಲ್ಲಿ ನಗರದ ಮಳೆಮಾಪಕದಲ್ಲಿ ಒಂದು ಹನಿಯೂ ದಾಖಲಾಗಲಿಲ್ಲ. ಏಪ್ರಿಲ್ 28ರಂದು ಉಷ್ಣಾಂಶ 38.5 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಮಾರ್ಚ್‌ನಲ್ಲಿ ಜಿಲ್ಲಾಡಳಿತವು ಟ್ಯಾಂಕರ್ ನೀರಿಗೆ ದರ ನಿಗದಿಪಡಿಸಿ, 5 ಕಿ.ಮೀ. ಒಳಗೆ 12 ಸಾವಿರ ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ಎಂದು ಆದೇಶಿಸಿತ್ತು. ಜೂನ್ 2ರ ಮಳೆಯನ್ನು ಈ ಅಳತೆಗೋಲಿನಿಂದ ಅಳೆದರೆ, 30×40 ಅಡಿ ನಿವೇಶನವೊಂದರ ಮೇಲೆ ಸುರಿದ ನೀರು 12 ಸಾವಿರ ಲೀಟರಿಗೂ ತುಸು ಹೆಚ್ಚು, ಅಂದರೆ ಸರಿಯಾಗಿ ಒಂದು ದೊಡ್ಡ ಟ್ಯಾಂಕರ್. ಒಂದು ಚದರ ಕಿ.ಮೀ. ವಿಸ್ತೀರ್ಣಕ್ಕೆ ಇದು 11 ಕೋಟಿ ಲೀಟರ್ ದಾಟುತ್ತದೆ. ಮಾರ್ಚ್‌ನಲ್ಲಿ ಹಣ ತೆತ್ತು ತರಿಸಿದ್ದನ್ನು ಜೂನ್‌ನಲ್ಲಿ ಹಣ ತೆತ್ತು ಹೊರಹಾಕಿಸಬೇಕಾಯಿತು.

ಬೆನ್ನು ಹತ್ತುವುದು ಹೇಗೆ?

ಅಮೆರಿಕದ ಬಯಲುಸೀಮೆಯಲ್ಲಿ ಚಂಡಮಳೆಯ ಬೆನ್ನು ಹತ್ತುವುದು ಒಂದು ವಿಜ್ಞಾನವೂ ಹೌದು, ಒಂದು ಹುಚ್ಚೂ ಹೌದು. ವಾಹನಗಳ ಮೇಲೆ ಉಪಕರಣಗಳನ್ನು ಹೇರಿಕೊಂಡು ನೂರಾರು ಕಿ.ಮೀ. ನೇರ ರಸ್ತೆಗಳಲ್ಲಿ ಮೋಡವನ್ನು ಹಿಂಬಾಲಿಸುವ ಈ ಪದ್ಧತಿಯಿಂದ ಸುಂಟರಗಾಳಿಯ ಒಳರಚನೆಯ ಬಗ್ಗೆ ಅಮೂಲ್ಯ ಮಾಹಿತಿ ದೊರೆತಿದೆ. ಪ್ರಾಣಗಳೂ ಹೋಗಿವೆ. 2013ರ ಮೇ 31ರಂದು ಒಕ್ಲಹೋಮ ರಾಜ್ಯದ ಎಲ್ ರೀನೊ ಬಳಿ 4 ಕಿ.ಮೀ.ಗೂ ಹೆಚ್ಚು ಅಗಲವಾಗಿ ಬೆಳೆದ ಸುಂಟರಗಾಳಿಯು ಅನುಭವಿ ಸಂಶೋಧಕ ಟಿಮ್ ಸಮಾರಸ್, ಅವರ ಪುತ್ರ ಪಾಲ್ ಹಾಗೂ ಸಹೋದ್ಯೋಗಿ ಕಾರ್ಲ್ ಯಂಗ್ ಅವರನ್ನು ಬಲಿ ತೆಗೆದುಕೊಂಡಿತು.

ದಕ್ಷಿಣ ಬೆಂಗಳೂರಿನಲ್ಲಿ ಈ ವಿಧಾನ ನಡೆಯುವಂತಿಲ್ಲ. ಗುಡುಗು ಮೋಡದ ಒಂದು ಘಟಕ ಹುಟ್ಟಿ, ಬೆಳೆದು, ಸುರಿದು ಮುಗಿಯಲು ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಸಾಕು. ಬನಶಂಕರಿಯಿಂದ ಹೊರಟ ವಾಹನ ಮಳೆಯ ಸಂಜೆಯಲ್ಲಿ ಸಿಲ್ಕ್ ಬೋರ್ಡ್ ವೃತ್ತವನ್ನು ದಾಟುವಷ್ಟರಲ್ಲಿ ಮೋಡ ಕರಗಿ ನಕ್ಷತ್ರಗಳು ಕಾಣಿಸಿಕೊಂಡಿರುತ್ತವೆ. ಆದುದರಿಂದ ಇಲ್ಲಿ ಮಳೆಯ ಬೆನ್ನು ಹತ್ತುವವರು ಕುರ್ಚಿಯಲ್ಲಿ ಕುಳಿತೇ ಆ ಕೆಲಸ ಮಾಡುತ್ತಾರೆ. ಅವರ ಕಣ್ಣುಗಳು ಮೂರು: ಆಕಾಶದ ಉಪಗ್ರಹ, ದೂರದ ರಾಡಾರ್, ನೆಲದ ಮಳೆಮಾಪಕ.

ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳು ಗುಡುಗಿನ ಕಾಲ. ಹಗಲಿನ ಬಿಸಿಲಿಗೆ ಕಾದ ನೆಲದ ಗಾಳಿ ಮೇಲೇರುತ್ತದೆ; ಬಂಗಾಳ ಕೊಲ್ಲಿ ಹಾಗೂ ಅರಬ್ಬೀ ಸಮುದ್ರದ ಕಡೆಯಿಂದ ಬಂದ ತೇವ ಅದಕ್ಕೆ ಒದಗುತ್ತದೆ; ಎರಡು ದಿಕ್ಕಿನ ಗಾಳಿಗಳು ಸಂಧಿಸುವ ರೇಖೆಯೊಂದು ರಾಜ್ಯದ ಒಳನಾಡಿನ ಮೇಲೆ ಹಾದುಹೋದರಂತೂ ಮಧ್ಯಾಹ್ನ ಮೂರರ ಹೊತ್ತಿಗೆ ಹತ್ತಿಯ ಮೂಟೆಯಂತೆ ತೋರುತ್ತಿದ್ದ ಮೋಡ ಐದರ ಹೊತ್ತಿಗೆ ಹತ್ತಾರು ಕಿ.ಮೀ. ಎತ್ತರದ ಗೋಪುರವಾಗಿರುತ್ತದೆ. ಇನ್ಸಾಟ್ ಶ್ರೇಣಿಯ ಉಪಗ್ರಹಗಳು ಈ ಗೋಪುರದ ನೆತ್ತಿಯನ್ನು ನೋಡುತ್ತವೆ. ನೆತ್ತಿ ತಣ್ಣಗಾದಷ್ಟೂ ಮೋಡ ಎತ್ತರವೆಂದು ಅರ್ಥ. ಆದರೆ ಅದರ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಹೇಳಬಲ್ಲದ್ದು ಡಾಪ್ಲರ್ ರಾಡಾರ್ ಮಾತ್ರ. ಹನಿಗಳಿಗೆ ಬಡಿದು ಮರಳುವ ತರಂಗದಿಂದ ಮಳೆಯ ತೀವ್ರತೆಯನ್ನೂ, ಆ ತರಂಗದ ಕಂಪನಾಂಕದಲ್ಲಾದ ವ್ಯತ್ಯಾಸದಿಂದ ಗಾಳಿಯ ವೇಗವನ್ನೂ ಅದು ಅಳೆಯುತ್ತದೆ.

2024ರ ಆ ದಿನ ಬೆಂಗಳೂರಿಗೆ ತನ್ನದೇ ಆದ ಡಾಪ್ಲರ್ ರಾಡಾರ್ ಇರಲಿಲ್ಲ. ಚೆನ್ನೈನ ರಾಡಾರ್ ನಗರದಿಂದ ನೇರ ಅಂತರದಲ್ಲಿ ಸುಮಾರು 290 ಕಿ.ಮೀ. ದೂರ. ಭೂಮಿ ದುಂಡಗಿರುವುದರಿಂದ, ಅಲ್ಲಿಂದ ಹೊರಟ ಕಿರಣ ಅರ್ಧ ಡಿಗ್ರಿಯಷ್ಟೇ ಮೇಲ್ಮುಖವಾಗಿದ್ದರೂ ಬೆಂಗಳೂರಿನ ಆಕಾಶವನ್ನು ತಲಪುವಷ್ಟರಲ್ಲಿ ಸಮುದ್ರಮಟ್ಟದಿಂದ ಏಳು ಕಿ.ಮೀ.ಗೂ ಹೆಚ್ಚು ಎತ್ತರದಲ್ಲಿರುತ್ತದೆ. ಅಂದರೆ ಮೋಡದ ಮೇಲಿನ ಅರ್ಧ ಕಾಣುತ್ತದೆ, ಜಯನಗರದ ಮರಗಳನ್ನು ಕೆಡಹುವ ಗಾಳಿ ಬೀಸುವ ಕೆಳಗಿನ ಅರ್ಧ ಕಾಣುವುದಿಲ್ಲ. ದೇಶದ ಮಾಹಿತಿ ತಂತ್ರಜ್ಞಾನದ ರಾಜಧಾನಿ ಎನಿಸಿಕೊಂಡ ನಗರ ತನ್ನ ನೆತ್ತಿಯ ಮೇಲಿನ ಬಿರುಗಾಳಿಯನ್ನು ನೆರೆರಾಜ್ಯದ ಕರಾವಳಿಯಿಂದ ಇಣುಕಿ ನೋಡಬೇಕಾಗಿ ಬಂದದ್ದು ಹೆಮ್ಮೆಯ ಸಂಗತಿಯಲ್ಲ. ರಾಡಾರ್ ಬೇಡಿಕೆಯನ್ನು ಸರ್ಕಾರಗಳ ಮುಂದಿಡುವಾಗ ವಾಣಿಜ್ಯ ವಲಯವೂ ದನಿಗೂಡಿಸುವುದು ನ್ಯಾಯ.

ಹೀಗಿರುವಾಗ ನಗರಕ್ಕೆ ಆಸರೆಯಾಗಿ ನಿಂತಿರುವುದು ಮೂರನೆಯ ಕಣ್ಣು. 1988ರಲ್ಲಿ ಬರದ ಮೇಲೆ ನಿಗಾ ಇಡುವ ಕೋಶವಾಗಿ ಆರಂಭಗೊಂಡು, ಈಗ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಹೊಂದಿದೆ. ಇವು ಪ್ರತಿ 15 ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತವೆ. ಒಂದು ಬಡಾವಣೆಯ ಮಾಪಕದಲ್ಲಿ ಮಳೆ ಆರಂಭವಾಗಿ, ಮುಂದಿನ ಕಾಲು ಗಂಟೆಯಲ್ಲಿ ಪಕ್ಕದ ಬಡಾವಣೆಯಲ್ಲೂ, ಅದರ ಮುಂದಿನ ಕಾಲು ಗಂಟೆಯಲ್ಲಿ ಮತ್ತೊಂದರಲ್ಲೂ ಕಾಣಿಸಿಕೊಂಡಾಗ ಮೋಡದ ಹೆಜ್ಜೆಗುರುತು ನಕ್ಷೆಯ ಮೇಲೆ ಮೂಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ಹೊರತಂದ ‘ಬೆಂಗಳೂರು ಮೇಘ ಸಂದೇಶ’ ಹಾಗೂ ಮಿಂಚಿನ ಮುನ್ಸೂಚನೆಯ ‘ಸಿಡಿಲು’ ಎಂಬ ಮೊಬೈಲ್ ಆ್ಯಪ್‌ಗಳು ಇಂತಹ ಮಾಹಿತಿಯನ್ನು ಸಾರ್ವಜನಿಕರ ಕೈಗೆ ತಂದವು. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳಿಗೆ ಅನ್ವಯಿಸುವ ತಕ್ಷಣದ ಮುನ್ಸೂಚನೆಯನ್ನು ಪ್ರತ್ಯೇಕವಾಗಿ ಹೊರಡಿಸುತ್ತದೆ. ಅಂಗಡಿಯ ಮುಂದೆ ಹರಡಿದ ಸರಕನ್ನು ಒಳಗಿಡಲು, ನೆಲಮಾಳಿಗೆಯ ವಾಹನಗಳನ್ನು ಮೇಲಕ್ಕೆ ತರಲು, ಜನರೇಟರಿನ ಡೀಸೆಲ್ ನೋಡಿಕೊಳ್ಳಲು ಮೂರು ಗಂಟೆಯೂ ಬೇಕಿಲ್ಲ, ಮುಕ್ಕಾಲು ಗಂಟೆ ಸಾಕು. ಆದರೆ ಮುನ್ಸೂಚನೆಯನ್ನು ಓದುವ ಹೊಣೆಯನ್ನು ಅಂಗಡಿಯ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ವಹಿಸಿರಬೇಕು. ಎಲ್ಲರ ಫೋನಿನಲ್ಲೂ ಬಂದ ಸಂದೇಶವನ್ನು ಯಾರೂ ಓದಿರುವುದಿಲ್ಲ ಎಂಬುದು ಎಲ್ಲ ಕಚೇರಿಗಳ ಅನುಭವ.

ಅಂಕಿಗಳು ಹೇಳದ ಸಂಗತಿ

ಹವಾಮಾನ ಇಲಾಖೆಯ ವರ್ಗೀಕರಣದಂತೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ವರೆಗಿನದು ‘ಭಾರೀ’ ಮಳೆ, 115.6ರಿಂದ ಮೇಲಿನದು ‘ಅತಿ ಭಾರೀ’. ಹಾಗೆ ನೋಡಿದರೆ ಒಂದು ಶತಮಾನಕ್ಕೂ ಹೆಚ್ಚಿನ ದಾಖಲೆಯನ್ನು ಮುರಿದ ಜೂನ್ 2ರ ಮಳೆ ‘ಅತಿ ಭಾರೀ’ ಎಂಬ ಹೆಸರಿಗೂ ಪಾತ್ರವಾಗಲಿಲ್ಲ. ಕಾರಣ ಸರಳ. ಈ ಅಳತೆ ಇಡೀ ದಿನಕ್ಕೆ ಸಂಬಂಧಿಸಿದ್ದು. ಮಲೆನಾಡಿನಲ್ಲಿ ದಿನವಿಡೀ ಜಿನುಗಿ ಆಗುವ 110 ಮಿ.ಮೀ. ಅಡಕೆ ತೋಟಕ್ಕೆ ಇಳಿದು ಹೋಗುತ್ತದೆ. ಅದೇ ಪ್ರಮಾಣ ಎರಡು ಮೂರು ಗಂಟೆಗಳಲ್ಲಿ ಕಾಂಕ್ರೀಟಿನ ಮೇಲೆ ಬಿದ್ದರೆ ಅದಕ್ಕೆ ಇಳಿಯಲು ನೆಲಮಾಳಿಗೆಯೊಂದೇ ದಾರಿ.

ಗಾಳಿಯ ವಿಷಯದಲ್ಲಿ ಇಲಾಖೆಯ ಅಳತೆ ಹೆಚ್ಚು ಉಪಯುಕ್ತ. ಗಂಟೆಗೆ 41ರಿಂದ 61 ಕಿ.ಮೀ. ವೇಗದ ಗಾಳಿಯುಳ್ಳ ಗುಡುಗು ಮಳೆ ಸಾಧಾರಣ; 62ರಿಂದ 87 ತೀವ್ರ; ಅದಕ್ಕೂ ಮೀರಿದ್ದು ಅತಿ ತೀವ್ರ. ಇಲ್ಲಿ ನೆನಪಿಡಬೇಕಾದ ಅಂಶವೆಂದರೆ ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. 87 ಕಿ.ಮೀ. ವೇಗದಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ಸುಮಾರು 36 ಕೆ.ಜಿ. ಭಾರಕ್ಕೆ ಸಮ. ಅಂಗಡಿಯ ನೆತ್ತಿಯ ಮೇಲಿರುವ 10 ಅಡಿ ಉದ್ದ, 4 ಅಡಿ ಎತ್ತರದ ನಾಮಫಲಕವನ್ನು ಅಷ್ಟು ಗಾಳಿ 130 ಕೆ.ಜಿ.ಗೂ ಹೆಚ್ಚಿನ ಬಲದಿಂದ ತಳ್ಳುತ್ತದೆ. ಫಲಕವನ್ನು ಕೂರಿಸುವ ದಿನ ಈ ಲೆಕ್ಕ ಹಾಕಿದವರು ವಿರಳ. ಜೂನ್ 2ಕ್ಕೆ ಮೂರು ವಾರ ಮುಂಚೆ, 2024ರ ಮೇ 13ರಂದು, ಮುಂಬಯಿಯ ಘಾಟ್‌ಕೋಪರ್‌ನಲ್ಲಿ ಧೂಳಿನ ಬಿರುಗಾಳಿಗೆ ಬೃಹತ್ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕಿನ ಮೇಲೆ ಕುಸಿದು 17 ಮಂದಿ ಸತ್ತರು.

ಮರ ಬಿದ್ದ ದಿಕ್ಕು

ಬಿರುಗಾಳಿ ಹೋದ ಮೇಲೆ ಅದರ ಹೆಜ್ಜೆಯನ್ನು ಓದುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಜಪಾನ್ ಮೂಲದ ವಿಜ್ಞಾನಿ ಟೆಟ್ಸುಯ ಫುಜಿತ. 1945ರಲ್ಲಿ ಅಣುಬಾಂಬಿನಿಂದ ನಾಶವಾದ ನಾಗಸಾಕಿ ಮತ್ತು ಹಿರೋಶಿಮಾಗಳಲ್ಲಿ ಮರಗಳು ಯಾವ ದಿಕ್ಕಿಗೆ ಬಿದ್ದಿವೆ ಎಂಬುದನ್ನು ಅವರು ಪರಿಶೀಲಿಸಿದ್ದರು. ಸ್ಫೋಟದ ಕೆಳಗಿನ ಬಿಂದುವಿನಿಂದ ಎಲ್ಲ ದಿಕ್ಕಿಗೂ, ನಕ್ಷತ್ರದ ಕಿರಣಗಳಂತೆ, ಅವು ಒರಗಿದ್ದವು. ಮುಂದೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ, ಬಿರುಗಾಳಿಗೆ ಸಿಕ್ಕ ಕಾಡುಗಳಲ್ಲಿ ಅದೇ ವಿನ್ಯಾಸವನ್ನು ಕಂಡು ಅಚ್ಚರಿಗೊಂಡರು. ಗುಡುಗು ಮೋಡದಿಂದ ತಣ್ಣನೆಯ ಗಾಳಿ ಧಾರೆಯಾಗಿ ಕೆಳಗಿಳಿದು, ನೆಲಕ್ಕೆ ಬಡಿದು, ಸುತ್ತಲೂ ಹರಡುತ್ತದೆ ಎಂಬ ತೀರ್ಮಾನಕ್ಕೆ ಬಂದರು. 1975ರಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಅಪಘಾತಕ್ಕೀಡಾದುದರ ಕಾರಣವನ್ನು ಅವರು ವಿವರಿಸಿದ್ದು ಇದೇ ಆಧಾರದ ಮೇಲೆ. ಸುಂಟರಗಾಳಿಯಾದರೆ ಮರಗಳು ಒಂದು ಗೆರೆಯತ್ತ ಸುತ್ತಿ ಬಾಗುತ್ತವೆ. ಮೋಡದಿಂದ ಧುಮುಕಿದ ಗಾಳಿಯಾದರೆ ಹೊರಮುಖವಾಗಿ ಚದುರುತ್ತವೆ. 1971ರಲ್ಲಿ ಅವರು ರೂಪಿಸಿದ ಹಾನಿಯ ಮಾನದಂಡವನ್ನು ಪರಿಷ್ಕರಿಸಿ ಅಮೆರಿಕ 2007ರಿಂದ ಬಳಸುತ್ತಿದೆ. ಅಲ್ಲಿ ಬಿರುಗಾಳಿಯ ಮರುದಿನ ಹವಾಮಾನ ಇಲಾಖೆಯವರೇ ಸ್ಥಳಕ್ಕೆ ಹೋಗಿ, ಮನೆ, ಕಂಬ, ಮರಗಳ ಸ್ಥಿತಿಯನ್ನು ನೋಡಿ ಗಾಳಿಯ ವೇಗವನ್ನು ಅಂದಾಜಿಸುತ್ತಾರೆ.

ಬೆಂಗಳೂರಿನಲ್ಲಿ ಮರ ಬಿದ್ದ ಮರುದಿನ ಮೂರು ಬಗೆಯ ಸಮೀಕ್ಷೆಗಳು ನಡೆಯುತ್ತವೆ. ಪಾಲಿಕೆಯ ಅರಣ್ಯ ವಿಭಾಗದವರು ರಸ್ತೆ ತೆರವಿಗಾಗಿ ಮರಗಳನ್ನು ಎಣಿಸುತ್ತಾರೆ. ಬೆಸ್ಕಾಂನವರು ಕಂಬ ಮತ್ತು ಪರಿವರ್ತಕಗಳನ್ನು ಎಣಿಸುತ್ತಾರೆ. ವಿಮಾ ಸರ್ವೇಯರ್ ರೂಪಾಯಿಗಳನ್ನು ಎಣಿಸುತ್ತಾರೆ. ಮರ ಯಾವ ದಿಕ್ಕಿಗೆ ಬಿತ್ತು, ಬೇರುಸಹಿತ ಎದ್ದಿತೋ ಕಾಂಡ ಮುರಿಯಿತೋ, ಬುಡದ ಸುತ್ತ ಎಷ್ಟು ಮಣ್ಣಿತ್ತು ಎಂದು ಬರೆದುಕೊಳ್ಳುವ ನಾಲ್ಕನೆಯ ಸಮೀಕ್ಷೆ ವಾಡಿಕೆಯಲ್ಲಿಲ್ಲ. ಯಂತ್ರಗರಗಸ ಮೊದಲು ಬರುತ್ತದೆ. ಸಂಚಾರದ ದೃಷ್ಟಿಯಿಂದ ಅದು ಬರಲೇಬೇಕು. ಆದರೆ ಅದರೊಂದಿಗೆ ಸಾಕ್ಷ್ಯವೂ ತುಂಡಾಗಿ ಲಾರಿ ಏರುತ್ತದೆ.

ಕಾಂಡ ಮುರಿದ ಮರ ಗಾಳಿಯ ಕಥೆ ಹೇಳಿದರೆ, ಬೇರುಸಹಿತ ಎದ್ದ ಮರ ನೆಲದ ಕಥೆ ಹೇಳುತ್ತದೆ. 1948ರಲ್ಲಿ ಅಸ್ತಿತ್ವಕ್ಕೆ ಬಂದ ಜಯನಗರ ಬಡಾವಣೆಯ ಅಗಲ ರಸ್ತೆಗಳಲ್ಲಿ ಮರಗಳಿಗೆ ಜಾಗವಿತ್ತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಾದ್ಯಂತ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಅಂದಿನ ಸಸಿಗಳು ಇಂದು ನಲವತ್ತು ದಾಟಿದ ಮರಗಳು. ಗುಲ್‌ಮೊಹರ್, ನೀರುಕಾಯಿ ಮರ, ಪೆಲ್ಟೋಫೋರಮ್ ಮುಂತಾದವು ಬೇಗ ಬೆಳೆದು ನೆರಳು ಕೊಡುತ್ತವೆ, ಹೂವಿನಿಂದ ರಸ್ತೆಯನ್ನು ತುಂಬುತ್ತವೆ. ಇವುಗಳ ಕಟ್ಟಿಗೆ ಹೊಂಗೆ, ಬೇವುಗಳಷ್ಟು ಗಟ್ಟಿಯಲ್ಲ. ಆದರೂ ದೋಷವನ್ನೆಲ್ಲ ಜಾತಿಯ ಮೇಲೆ ಹೊರಿಸುವುದು ತಪ್ಪಾದೀತು. ಚರಂಡಿಗಾಗಿ ಒಂದು ಕಡೆ, ಕೇಬಲ್ಲಿಗಾಗಿ ಇನ್ನೊಂದು ಕಡೆ ಅಗೆದು ಬೇರು ಕಡಿಯಲಾಗಿದೆ. ಬುಡದವರೆಗೂ ಕಾಂಕ್ರೀಟ್ ತುಂಬಲಾಗಿದೆ. ತಂತಿಗೆ ತಾಗುವ ಕೊಂಬೆಗಳನ್ನಷ್ಟೇ ವರ್ಷ ವರ್ಷ ಸವರಿದ್ದರಿಂದ ಮರದ ಭಾರವೆಲ್ಲ ಇನ್ನೊಂದು ಮಗ್ಗುಲಿಗೆ ವಾಲಿದೆ. ಇಂತಹ ಮರಕ್ಕೆ ಅತಿ ತೀವ್ರ ಗಾಳಿ ಬೇಕಿಲ್ಲ. ನೆನೆದ ಮಣ್ಣು ಮತ್ತು ಸಾಧಾರಣ ಬಿರುಸು ಸಾಕು. ವರ್ತಕರ ಪಾಲೂ ಇದರಲ್ಲಿದೆ. ಅಂಗಡಿಯ ಮುಂದೆ ವಾಹನ ನಿಲ್ಲಿಸಲು ಅನುಕೂಲವಾಗಲೆಂದು ಮರದ ಬುಡಕ್ಕೆ ಸಿಮೆಂಟು ಬಳಿದವರು, ನಾಮಫಲಕ ಕಾಣುವುದಿಲ್ಲವೆಂದು ರಾತ್ರೋರಾತ್ರಿ ಕೊಂಬೆ ಕತ್ತರಿಸಿದವರು ಎಲ್ಲ ಮಾರುಕಟ್ಟೆಗಳಲ್ಲೂ ಇದ್ದಾರೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಅಗತ್ಯ. ಅಪಾಯದ ಮರದ ಬಗ್ಗೆ ಲಿಖಿತ ದೂರು ಕೊಟ್ಟು ಅದರ ಸ್ವೀಕೃತಿಯನ್ನು ಕಡತದಲ್ಲಿ ಇಟ್ಟುಕೊಳ್ಳುವುದು ಮುಂದೆ ವ್ಯಾಜ್ಯ ಬಂದಾಗ ನೆರವಿಗೆ ಬರುತ್ತದೆ.

ಸರ್ವೇಯರ್ ಬಂದಾಗ

ಅಂಗಡಿಯವನ ದೃಷ್ಟಿಯಲ್ಲಿ ಮುಖ್ಯವಾದ ಸಮೀಕ್ಷೆ ವಿಮೆಯದು. ಬೆಂಕಿ ವಿಮೆ ಎಂಬ ಹೆಸರು ಕೇಳಿ ಮಳೆಗೂ ಅದಕ್ಕೂ ಸಂಬಂಧವಿಲ್ಲವೆಂದು ಭಾವಿಸಿದ ವರ್ತಕರು ಇಂದಿಗೂ ಇದ್ದಾರೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯು ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿ ವರೆಗಿನ ಆಸ್ತಿಗೂ, ‘ಭಾರತ್ ಲಘು ಉದ್ಯಮ ಸುರಕ್ಷಾ’ ಪಾಲಿಸಿಯು 5ರಿಂದ 50 ಕೋಟಿ ವರೆಗಿನ ಆಸ್ತಿಗೂ ಅನ್ವಯಿಸುತ್ತವೆ. ಬೆಂಕಿಯೊಂದಿಗೆ ಸಿಡಿಲು, ಬಿರುಗಾಳಿ, ಪ್ರವಾಹ, ಜಲಾವೃತಗೊಳ್ಳುವಿಕೆ ಇವುಗಳಲ್ಲಿ ಸೇರಿವೆ. ಹೊರಗಿನ ವಸ್ತು ಬಡಿದು ಆಗುವ ಹಾನಿಯಡಿ ಮರ ಬೀಳುವುದನ್ನೂ ಹೆಸರಿಸಲಾಗಿದೆ.

ಆದರೆ ಪಾಲಿಸಿಯ ಹಿಂದಿನ ಪುಟಗಳನ್ನೂ ಓದಬೇಕು. ಗುಡುಗು ಮಳೆಯ ಸಂಜೆ ಅಂಗಡಿಗಳಲ್ಲಿ ಹೆಚ್ಚಾಗಿ ಕೆಡುವುದು ಕಂಪ್ಯೂಟರ್, ಬಿಲ್ಲಿಂಗ್ ಯಂತ್ರ, ಫ್ರಿಜ್. ವಿದ್ಯುತ್ ಒತ್ತಡ ಏರಿಯೋ ಶಾರ್ಟ್ ಸರ್ಕ್ಯೂಟ್ ಆಗಿಯೋ ಒಂದು ವಿದ್ಯುತ್ ಉಪಕರಣ ತಾನೇ ಸುಟ್ಟುಹೋದರೆ, ಅದಕ್ಕೆ ಕಾರಣ ಸಿಡಿಲೇ ಆಗಿದ್ದರೂ, ಆ ಉಪಕರಣದ ನಷ್ಟಕ್ಕೆ ಈ ಪಾಲಿಸಿಗಳಲ್ಲಿ ಪರಿಹಾರವಿಲ್ಲ. ಅದರಿಂದ ಬೆಂಕಿ ಹರಡಿ ಬೇರೆ ವಸ್ತುಗಳು ಸುಟ್ಟರೆ ಅವುಗಳಿಗೆ ಪರಿಹಾರವಿದೆ. ಕರೆಂಟು ಹೋಗಿ ಶೀತಲಪೆಟ್ಟಿಗೆಯಲ್ಲಿದ್ದ ಹಾಲು, ಐಸ್‌ಕ್ರೀಂ, ಔಷಧಿಗಳು ಕೆಟ್ಟರೆ ಮೂಲ ಪಾಲಿಸಿ ನೆರವಾಗದು. ಮುಚ್ಚಿದ ಅಂಗಡಿಯ ವ್ಯಾಪಾರನಷ್ಟವೂ ಹಾಗೆಯೇ. ಇವುಗಳಿಗೆ ಪ್ರತ್ಯೇಕ ರಕ್ಷಣೆ ಕೊಳ್ಳಬೇಕು.

ಅದಕ್ಕಿಂತ ದೊಡ್ಡ ಪೆಟ್ಟು ಕಡಿಮೆ ಮೊತ್ತದ ವಿಮೆಯಿಂದ ಬೀಳುತ್ತದೆ. ಬ್ಯಾಂಕು ಸಾಲ ಕೊಟ್ಟಾಗ ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸಿ, ಆಮೇಲೆ ದಾಸ್ತಾನು ಬೆಳೆದರೂ ವಿಮೆಯನ್ನು ಬೆಳೆಸದವರು ಅನೇಕರು. ಉದಾಹರಣೆಗೆ, 20 ಲಕ್ಷ ರೂಪಾಯಿ ಬೆಲೆಯ ಬಟ್ಟೆ ದಾಸ್ತಾನಿಗೆ 10 ಲಕ್ಷದ ವಿಮೆ ಇದ್ದು, ಮಳೆ ನೀರಿಗೆ 4 ಲಕ್ಷದ ಬಟ್ಟೆ ಹಾಳಾಯಿತೆನ್ನೋಣ. 10 ಲಕ್ಷದ ಮಿತಿಯೊಳಗೇ ಇರುವುದರಿಂದ 4 ಲಕ್ಷವೂ ಬರುವುದೆಂದು ವರ್ತಕನ ನಿರೀಕ್ಷೆ. ಸರ್ವೇಯರ್ ಬರೆಯುವುದು 2 ಲಕ್ಷ ಮಾತ್ರ. ಆಸ್ತಿಯ ಅರ್ಧಕ್ಕೆ ತಾನೇ ವಿಮಾದಾರನಾಗಿ ಉಳಿದವನು ನಷ್ಟದ ಅರ್ಧವನ್ನೂ ತಾನೇ ಹೊರಬೇಕು ಎಂಬುದು ನಿಯಮ. ಸೂಕ್ಷ್ಮ ಉದ್ಯಮದ ಪಾಲಿಸಿಯಲ್ಲಿ ಶೇ 15ರ ವರೆಗಿನ ಕೊರತೆಯನ್ನು ಮನ್ನಿಸುವ ಸೌಲಭ್ಯವಿದೆ. ಅದಕ್ಕೆ ಮೀರಿದರೆ ಇಲ್ಲ.

ಇನ್ನು ಜಿಎಸ್‌ಟಿ. ಸರಕು ನಾಶವಾದಾಗ, ಅದನ್ನು ಕೊಂಡಾಗ ಪಡೆದಿದ್ದ ಹೂಡುವಳಿ ತೆರಿಗೆ ಜಮೆಯನ್ನು ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)(ಎಚ್) ಕಲಮಿನಂತೆ ಹಿಂದಿರುಗಿಸಬೇಕಾಗುತ್ತದೆ. ಮಾರಾಟವಾಗದ, ಕೈಗೂ ಸಿಗದ ಬಟ್ಟೆಯ ಮೇಲಿನ ತೆರಿಗೆ ಹೀಗೆ ವರ್ತಕನ ಸ್ವಂತ ವೆಚ್ಚವಾಗಿ ಪರಿಣಮಿಸುತ್ತದೆ. ದಾಸ್ತಾನಿನ ವಿಮಾಮೌಲ್ಯವನ್ನು ನಿಗದಿಪಡಿಸುವಾಗಲೂ ಪರಿಹಾರ ಕೇಳುವಾಗಲೂ ಈ ಅಂಶವನ್ನು ಲೆಕ್ಕ ಪರಿಶೋಧಕರೊಂದಿಗೆ ಚರ್ಚಿಸಿರಬೇಕು.

ಸರ್ವೇಯರ್ ವಿಮಾ ಕಂಪನಿಯ ನೌಕರನಲ್ಲ, ಪ್ರಾಧಿಕಾರದಿಂದ ಪರವಾನಗಿ ಪಡೆದ ಸ್ವತಂತ್ರ ವೃತ್ತಿಯವ. ಆತ ಬರುವ ಮುನ್ನ ಅಂಗಡಿಯನ್ನು ತೊಳೆದು ಒಪ್ಪ ಮಾಡಿದವರು ನಷ್ಟವನ್ನು ತೋರಿಸಲಾಗದೆ ಪೇಚಾಡುತ್ತಾರೆ. ನೀರು ನಿಂತ ಮಟ್ಟದ ಗುರುತು ಗೋಡೆಯ ಮೇಲೆ ಇರುವಾಗಲೇ ಅಳತೆಪಟ್ಟಿ ಹಿಡಿದು ಛಾಯಾಚಿತ್ರ ತೆಗೆದುಕೊಳ್ಳಬೇಕು. ನೆನೆದ ಸರಕನ್ನು ಎಸೆಯದೆ ಬೇರ್ಪಡಿಸಿ ಇಡಬೇಕು. ಅದಕ್ಕೆ ಉಳಿಕೆ ಬೆಲೆ ಇರುತ್ತದೆ, ಆ ಬೆಲೆ ಪರಿಹಾರದಿಂದ ಕಳೆಯಲ್ಪಡುತ್ತದೆ. ಖರೀದಿ ಬಿಲ್ಲುಗಳು ಅದೇ ನೀರಿನಲ್ಲಿ ನೆನೆದಿದ್ದರೆ ಇಷ್ಟೆಲ್ಲ ಎಚ್ಚರವೂ ವ್ಯರ್ಥ, ಆದುದರಿಂದ ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಮರದಡಿ ಸಿಕ್ಕ ವಾಹನಗಳಿಗೆ ಬರಿಯ ಥರ್ಡ್ ಪಾರ್ಟಿ ವಿಮೆಯಿದ್ದರೆ ಏನೂ ದೊರೆಯುವುದಿಲ್ಲ. ಸರಕು ಸಾಗಣೆಯ ಹಳೆಯ ಆಟೋ, ಟೆಂಪೋಗಳ ಮಾಲೀಕರು ಇದನ್ನು ಗಮನಿಸುವುದು ಒಳಿತು.

ರೂಪಾಯಿಯಲ್ಲಿ ಬರೆಯಲಾಗದ್ದು

2025ರ ಬೇಸಿಗೆ ಮಳೆ ಇನ್ನೂ ಕಠಿಣವಾಗಿತ್ತು. ಮೇ 1ರ ರಾತ್ರಿ ಬನಶಂಕರಿಯ ಕತ್ರಿಗುಪ್ಪೆಯಲ್ಲಿ ಆಟೋದ ಮೇಲೆ ಮರ ಬಿದ್ದು ಚಾಲಕರೊಬ್ಬರು ಮೃತಪಟ್ಟರು. ಮೇ 18ರ ರಾತ್ರಿ ಆರಂಭವಾದ ಮಳೆ 19ರ ಬೆಳಗಿನ ಹೊತ್ತಿಗೆ ನಗರದಲ್ಲಿ 105.5 ಮಿ.ಮೀ., ಕೆಂಗೇರಿಯಲ್ಲಿ 132 ಮಿ.ಮೀ. ತಲಪಿತ್ತು. ಸಿಲ್ಕ್ ಬೋರ್ಡ್ ವೃತ್ತ ಕೆರೆಯಾಯಿತು. ಆ ತಿಂಗಳ ಒಟ್ಟು ಮಳೆ 307.9 ಮಿ.ಮೀ. ಆಗಿ, 2023ರ ಮೇ ತಿಂಗಳ 305.4ರ ದಾಖಲೆಯನ್ನು ಅಳಿಸಿತು.

ಮೇ 19ರಂದು ಬಿಟಿಎಂ ಬಡಾವಣೆಯ ಎನ್.ಎಸ್. ಪಾಳ್ಯದ ವಸತಿ ಸಮುಚ್ಚಯವೊಂದರ ನೆಲಮಾಳಿಗೆಯಲ್ಲಿ ನಿಂತ ನೀರನ್ನು ಮೋಟಾರಿನಿಂದ ಹೊರಹಾಕುವ ಪ್ರಯತ್ನದಲ್ಲಿ ವಿದ್ಯುತ್ ತಗುಲಿ ಹಿರಿಯ ನಿವಾಸಿಯೊಬ್ಬರು ಹಾಗೂ ಒಬ್ಬ ಬಾಲಕ ಜೀವ ಕಳೆದುಕೊಂಡರು. ಮಳೆ ಆ ಹೊತ್ತಿಗೆ ನಿಂತಿತ್ತು. ಬಿರುಗಾಳಿಯ ಬೆನ್ನು ಹತ್ತಿದವರು ಸತ್ತದ್ದು ಒಕ್ಲಹೋಮದಲ್ಲಿ. ಇಲ್ಲಿ ಸತ್ತವರು ಮಳೆ ಬಿಟ್ಟುಹೋದ ನೀರನ್ನು ಎತ್ತಿಹಾಕಲು ಹೋದವರು.

ಈ ಬಗೆಯ ಸಾವು ಯಾವುದೇ ವಾಣಿಜ್ಯ ಕಟ್ಟಡದಲ್ಲಿ ಸಂಭವಿಸಬಹುದು. ನಗರದ ಕಟ್ಟಡಗಳಲ್ಲಿ ಮೀಟರ್ ಬೋರ್ಡು, ನೀರಿನ ಪಂಪು, ಜನರೇಟರಿನ ಸ್ವಿಚ್ಚು ಇವೆಲ್ಲವನ್ನೂ ಬಾಡಿಗೆ ಬಾರದ ಜಾಗವೆಂದು ನೆಲಮಾಳಿಗೆಗೆ ತಳ್ಳುವುದು ರೂಢಿ. ನೀರು ಮೊದಲು ನುಗ್ಗುವುದೂ ಅಲ್ಲಿಗೇ, ಅದನ್ನು ಎತ್ತಲು ಮೊದಲು ಇಳಿಯುವವನು ಕಾವಲುಗಾರ ಅಥವಾ ಅಂಗಡಿಯ ಹುಡುಗ. ಮುಖ್ಯ ಸಂಪರ್ಕವನ್ನು ನೆಲಮಟ್ಟಕ್ಕಿಂತ ಮೇಲಿನಿಂದ ಕಡಿತಗೊಳಿಸುವ ಏರ್ಪಾಡು, ವಿದ್ಯುತ್ ಸೋರಿದ ಕ್ಷಣವೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸಾಧನ, ನೀರಿನ ಹೊರಗೇ ನಿಲ್ಲುವ ಡೀಸೆಲ್ ಪಂಪು, ಇವುಗಳ ವೆಚ್ಚ ಒಂದು ಅಂಗಡಿಯ ಪೀಠೋಪಕರಣದ ವೆಚ್ಚಕ್ಕಿಂತ ಕಡಿಮೆ. ಹಲವು ಮಳಿಗೆಗಳಿರುವ ಸಂಕೀರ್ಣದಲ್ಲಿ ಇದು ಕಟ್ಟಡದ ಮಾಲೀಕನ ಹೊಣೆಯೋ ಬಾಡಿಗೆದಾರರ ಹೊಣೆಯೋ ಎಂಬ ಪ್ರಶ್ನೆ ಏಳುತ್ತದೆ. ಬಾಡಿಗೆ ಕರಾರುಪತ್ರದಲ್ಲಿ ಒಂದು ವಾಕ್ಯ ಸೇರಿಸಿದರೆ ಅದು ಬಗೆಹರಿಯುತ್ತದೆ, ಮತ್ತು ಹೆಚ್ಚಿನ ಕರಾರುಗಳಲ್ಲಿ ಆ ವಾಕ್ಯ ಇರುವುದಿಲ್ಲ.

ನೀರು ಎತ್ತ ಹರಿಯುತ್ತದೆಂಬುದು ಗುಟ್ಟೇನಲ್ಲ. ಬನಶಂಕರಿಯ ಪಶ್ಚಿಮ ಮಗ್ಗುಲಿನ ನೀರು ವೃಷಭಾವತಿ ಕಣಿವೆಗೆ ಇಳಿಯುತ್ತದೆ. ಜಯನಗರದ ಪೂರ್ವಭಾಗ, ಬಿಟಿಎಂಗಳ ನೀರು ಮಡಿವಾಳ, ಅಗರ ಕೆರೆಗಳ ದಾರಿಯಾಗಿ ಬೆಳ್ಳಂದೂರಿನತ್ತ. 2005ರ ಅಕ್ಟೋಬರ್‌ನಲ್ಲಿ 605.6 ಮಿ.ಮೀ. ಸುರಿದಾಗ, 2020ರ ಅಕ್ಟೋಬರ್ 23ರಂದು ಹೊಸಕೆರೆಹಳ್ಳಿ ಮುಳುಗಿದಾಗ, ನೀರು ತನ್ನ ಹಳೆಯ ದಾರಿಯನ್ನೇ ಹಿಡಿದಿತ್ತು. ಮಳಿಗೆ ಬಾಡಿಗೆಗೆ ಹಿಡಿಯುವಾಗ ಜನಸಂಚಾರವನ್ನು ಎಣಿಸುವ ವರ್ತಕ ರಾಜಕಾಲುವೆಯ ನಕ್ಷೆಯನ್ನೂ ಒಮ್ಮೆ ನೋಡಬಹುದು.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿವೆ. ಮರದ ದೂರು, ಕಾಲುವೆಯ ದೂರು ಈಗ ಯಾವ ಪಾಲಿಕೆಯ ಯಾವ ಕಚೇರಿಗೆ ಸಲ್ಲಬೇಕೆಂಬುದನ್ನು ಪ್ರತಿ ಮಾರುಕಟ್ಟೆಯ ವರ್ತಕರ ಸಂಘವು ಅಶ್ವಿನಿ ಮಳೆ ಹುಟ್ಟುವ ಏಪ್ರಿಲ್ ನಡುಭಾಗಕ್ಕೆ ಮುಂಚೆಯೇ ತಿಳಿದಿಟ್ಟುಕೊಳ್ಳುವುದು ಅಗತ್ಯ. ಮಳೆ ಬಿದ್ದ ಗಂಟೆ ಹಾಗೂ ಪ್ರಮಾಣದ ಬಗ್ಗೆ ವಿಮಾ ಕಂಪನಿ ಪ್ರಶ್ನೆ ಎತ್ತಿದಲ್ಲಿ, ಬಡಾವಣೆಗೆ ಹತ್ತಿರದ ಮಳೆಮಾಪಕದ ಕಾಲು ಗಂಟೆಗಳ ದಾಖಲೆಯನ್ನು ಯಲಹಂಕದ ಉಸ್ತುವಾರಿ ಕೇಂದ್ರದಿಂದ ಕೋರಬಹುದು. ಅರ್ಜಿಯಲ್ಲಿ ದಿನಾಂಕ, ಬಡಾವಣೆ ಮತ್ತು ಸಮಯವನ್ನು ಸ್ಪಷ್ಟವಾಗಿ ನಮೂದಿಸಿರಬೇಕು.